ಇಂಜಿನ್ ಶುರುವಾದ ಮೇಲೆ ಗೋಳಿಲ್ಲ

ಖಾಸಗಿ ಬಸ್ಸಿನ ಕಂಡಕ್ಟರಿಗೆ ನಿವೃತ್ತಿಯ ವಯಸ್ಸು ಅಂತ ಒಂದಿರುವುದಿಲ್ಲ. ಶಾಲು, ಹಾರ, ಭಾಷಣ ಯಾವುದೂ ಇಲ್ಲ. ಕಾಲು ನಡೆಯುವಷ್ಟು ದಿನ ನಡೆಯುತ್ತದೆ. ಆಮೇಲೊಂದು ದಿನ ಟಿಕೆಟ್ ಚೀಲವನ್ನು ಇನ್ನೊಬ್ಬರ ಹೆಗಲಿಗೆ ಹಾಕಿ ಇಳಿದು ಹೋಗುತ್ತಾರೆ. ಕುಣಿಗಲ್ಲಿನಿಂದ ಅಮೃತೂರಿನ ಕಡೆಗೆ ಇಪ್ಪತ್ತಾರು ವರ್ಷ ಓಡಾಡಿದ ಒಬ್ಬರು ಹೋದ ತಿಂಗಳು ಹಾಗೆ ಇಳಿದರು. ಮಂಡಿ ಸವೆದಿದೆ, ಇನ್ನು ಮೆಟ್ಟಿಲು ಹತ್ತಿ ಇಳಿಯುವ ಕೆಲಸ ಬೇಡ ಅಂತ ಡಾಕ್ಟರು ಹೇಳಿದ್ದರಂತೆ. ಅವರ ಬಗ್ಗೆ ಬರೆಯುತ್ತೇನೆ ಅಂದಾಗ ಅವರು ಹಾಕಿದ್ದು ಒಂದೇ ಷರತ್ತು. ಹೆಸರು ಬರಬಾರದು, ಬಂದರೆ ಏನೋ ದುಡ್ಡು ಸಿಕ್ಕಿರಬೇಕು ಅಂತ ನೆಂಟರೆಲ್ಲ ಮನೆಗೆ ಬಂದು ಕೂರುತ್ತಾರೆ. ಆ ದಾರಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ಕಂಡಕ್ಟ್ರಣ್ಣ ಅಂತ. ಅಷ್ಟು ಸಾಕು.

ನಾನು ಗುಬ್ಬಿಯವಳು. ಮದುವೆಯಾಗಿ ಕುಣಿಗಲ್ಲಿಗೆ ಬಂದ ವರ್ಷವೇ ಅಮೃತೂರಿನ ಕಡೆ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಮೊದಲ ದಿನ ಹೊಸ ಸೀರೆಯುಟ್ಟು, ಪುಸ್ತಕ ಎದೆಗೊತ್ತಿಕೊಂಡು, ಅವರ ಬಸ್ಸಿನ ನೂಕುನುಗ್ಗಲಲ್ಲಿ ನಿಂತಿದ್ದೆ. ಟಿಕೆಟ್ ಹರಿಯುತ್ತಾ, ಯಾವ ಸಬ್ಜೆಕ್ಟು ಅಂತ ಕೇಳಿದರು. ಅರ್ಥಶಾಸ್ತ್ರ ಅಂದೆ. "ಒಳ್ಳೇದಾಯ್ತು. ಅರ್ಥ ಆಗೋ ಹಂಗೆ ಹೇಳ್ಕೊಡಿ ಮೇಡಮ್ಮೋರೆ, ನಮ್ಮ ಕಾಲದಲ್ಲಿ ಅದೊಂದು ಬಿಟ್ಟು ಎಲ್ಲಾ ಹೇಳ್ಕೊಟ್ರು" ಅಂದು ಮುಂದಿನ ಸೀಟಿಗೆ ಹೋದರು. ಸುತ್ತ ನಿಂತಿದ್ದವರು ನಕ್ಕರು. ನಾನೂ ನಕ್ಕೆ.

ನೋಡಲು ಒಣಕಲು ಆಳು. ಚೀಲದ ಭಾರಕ್ಕೆ ಬಲ ಹೆಗಲು ಎಡಗಡೆಗಿಂತ ಒಂದು ಅಂಗುಲ ಕೆಳಗಿತ್ತು. ಹೆಬ್ಬೆರಳಿಗೆ ರಬ್ಬರಿನ ಟೋಪಿ, ಕಿವಿಯ ಮೇಲೆ ಪೆನ್ನು. ಬಸ್ಸು ಎಷ್ಟೇ ತುಂಬಿರಲಿ, ಬಾಗಿಲಲ್ಲಿ ನಿಂತು "ಒಳಗೆ ಜಾಗ ಐತೆ ಬನ್ನಿ" ಅನ್ನುವುದನ್ನು ನಿಲ್ಲಿಸುತ್ತಿರಲಿಲ್ಲ. ಯಾರ ಮನೆಯಲ್ಲಿ ಬಾಣಂತನ, ಯಾರ ಹಸು ಕರು ಹಾಕಿತು, ಯಾರ ಅಪ್ಪನಿಗೆ ಕಣ್ಣಿನ ಆಪರೇಷನ್ ಆಯಿತು, ಎಲ್ಲಾ ಗೊತ್ತು. ಒಂದೂರಿನ ಸುದ್ದಿಯನ್ನು ಮುಂದಿನೂರಿಗೆ ದಾಟಿಸುವರು, ಆದರೆ ಕೆಟ್ಟ ಸುದ್ದಿಯಾದರೆ ಆ ಮನೆಯವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುವರು.

ಒಮ್ಮೆ ದಾರಿಯಲ್ಲಿ ಒಂದು ಕೆರೆ ಏರಿಯ ಮೇಲೆ ಟೈರು ಪಂಕ್ಚರ್ ಆಯಿತು. ಕಾಲೇಜಿಗೆ ತಡವಾಗುತ್ತದೆ ಅಂತ ನಾನು, ಕೋರ್ಟಿಗೆ ತಡವಾಗುತ್ತದೆ ಅಂತ ಇನ್ನೊಬ್ಬರು, ಎಲ್ಲರೂ ಗೊಣಗುತ್ತಾ ಇಳಿದೆವು. ಇವರು ಜಾಕ್ ಎತ್ತಿಕೊಂಡು ಹೋಗುವಾಗ, ಈ ಸಲ ಕೆರೆ ಕೋಡಿ ಬಿದ್ದಿದೆ, ಇಷ್ಟು ವರ್ಷದಲ್ಲಿ ಬಸ್ಸು ಇಲ್ಲಿ ಒಂದು ದಿನವೂ ನಿಂತಿರಲಿಲ್ಲ, ನೋಡಿಕೊಂಡು ಬನ್ನಿ ಅಂದರು. ಬೇರೆ ಕೆಲಸವಿಲ್ಲದೆ ನೋಡಿದೆವು. ನೀರಿನ ಮೇಲೆ ಬಿಳಿ ಹಕ್ಕಿಗಳ ಹಿಂಡು ಇಳಿಯುತ್ತಿತ್ತು. ಕೋರ್ಟಿನವರು ಫೋನ್ ತೆಗೆದು ಫೋಟೋ ಹಿಡಿದರು. ಕಂಡಕ್ಟ್ರಣ್ಣನ ಈ ಖುಷಿ ಹುಟ್ಟುಗುಣ, ಕಷ್ಟ ಅಂದರೇನು ಅಂತ ಇವರಿಗೆ ಗೊತ್ತಿರಲಿಕ್ಕಿಲ್ಲ ಅಂತ ನಾನು ಆಗ ಅಂದುಕೊಂಡಿದ್ದೆ. ಆ ತಪ್ಪು ತಿಳುವಳಿಕೆ ಬಹಳ ದಿನ ಉಳಿಯಿತು.

ಆಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾಯಿತು. ನಮಗೆಲ್ಲ ಅದು ಹಬ್ಬ. ನನ್ನ ಸಂಬಳ ತಿಂಗಳು ತಿಂಗಳು ಬರುವ ಖಾತ್ರಿಯಿರಲಿಲ್ಲ. ಗಂಡನಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ಆ ಉಳಿತಾಯ ನಮ್ಮ ಮನೆಗೆ ದೊಡ್ಡದು. ಆದರೂ ಮೊದಲ ಬೆಳಿಗ್ಗೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅವರ ಬಸ್ಸನ್ನು ದಾಟಿ ಸರ್ಕಾರಿ ಬಸ್ಸಿನ ಕಡೆ ನಡೆಯುವಾಗ ತಲೆ ತಗ್ಗಿಸಿಕೊಂಡೇ ನಡೆದೆ. ಬಾಗಿಲಲ್ಲಿ ನಿಂತ ಅವರು ಯಾವತ್ತಿನ ಹಾಗೆ ಕೂಗುತ್ತಿದ್ದರು. ಒಳಗೆ ಕೂತಿದ್ದವರು ನಾಲ್ಕೈದು ಗಂಡಸರು.

ನಾನು ಕಿಟಕಿಯ ಪಕ್ಕ ಕೂತು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದೆ. ಯಾರೋ ಕಿಟಕಿಯ ಕಂಬಿ ತಟ್ಟಿದರು. ಅವರೇ. ಏನಾದರೂ ಅನ್ನುತ್ತಾರೆ, ಅನ್ನಿಸಿಕೊಳ್ಳಬೇಕಾದದ್ದೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ.

"ಈ ಗಾಡಿಗೆ ನಿಮ್ಮ ಕಾಲೇಜ್ ಗೇಟ್ ತಾವ ಸ್ಟಾಪ್ ಇಲ್ಲ ಮೇಡಮ್ಮೋರೆ. ಡ್ರೈವರಿಗೆ ಹೇಳಿವ್ನಿ, ಒಸಿ ಸ್ಲೋ ಮಾಡಿ ಇಳಿಸ್ತಾರೆ. ಮುಂದ್ಗಡೆ ಸೀಟಿಗೆ ಬಂದು ಕೂತ್ಕಳಿ."

ಅಷ್ಟು ಹೇಳಿ ತಮ್ಮ ಬಸ್ಸಿಗೆ ಓಡಿದರು. ಎರಡು ದಿನ ಬಿಟ್ಟು, ಬೇಜಾರು ಮಾಡಿಕೊಳ್ಳಬೇಡಿ ಅಂತ ಹೇಳಲು ಹೋದೆ. ಮಾತು ಮುಗಿಸಲು ಬಿಡಲಿಲ್ಲ. ಅವರ ಹೆಂಡತಿಯೇ ಹಿಂದಿನ ದಿನ ಸರ್ಕಾರಿ ಬಸ್ಸಿನಲ್ಲೇ ಯಡಿಯೂರಿಗೆ ಹೋಗಿ ದೇವರ ದರ್ಶನ ಮಾಡಿ ಬಂದಿದ್ದರಂತೆ. ಬಂದು, ಸೀಟು ಬಲು ಮೆತ್ತಗಿದೆ ಅಂತ ಗಂಡನಿಗೇ ವರದಿ ಕೊಟ್ಟರಂತೆ. ಮನೆಯವಳನ್ನೇ ತಡೆಯಲಾಗದವನು ಊರವರನ್ನು ಏನಂತ ಅನ್ನಲಿ ಅಂತ ನಕ್ಕರು. ಹೆಣ್ಣುಮಕ್ಕಳ ಕೈಯಲ್ಲಿ ಒಂದಿಷ್ಟು ಉಳಿದರೆ ಅದು ಒಳ್ಳೆಯದೇ, ನಾವು ನಮ್ಮ ದಾರಿ ನೋಡಿಕೊಳ್ಳಬೇಕು ಅಂದರು.

ದಾರಿ ಮಾತ್ರ ಸುಲಭವಾಗಿ ಕಾಣಲಿಲ್ಲ. ಟ್ರಿಪ್ಪುಗಳು ಕಡಿಮೆಯಾದವು. ಓನರಿಗೆ ಎರಡು ಬಸ್ಸಿದ್ದವು, ಒಂದನ್ನು ಮಾರಿದರು. ಉಳಿದ ಬಸ್ಸಿನ ಡ್ರೈವರು ಇವರಿಗಿಂತ ಐದಾರು ವರ್ಷ ದೊಡ್ಡವರು, ದಪ್ಪ ಮೀಸೆಯ ಮುಂಗೋಪಿ. ಅವರು ಬೆಳಿಗ್ಗೆ ಸ್ಟೇರಿಂಗ್ ಹಿಡಿದರೆ ಸಂಜೆಯವರೆಗೆ ಸರ್ಕಾರ, ಓನರು, ಡೀಸೆಲ್ಲು, ತಮ್ಮ ಹಣೆಬರಹ ಎಲ್ಲವನ್ನೂ ಬಯ್ಯುತ್ತಿದ್ದರಂತೆ. ಇದ್ದ ಕೆಲವೇ ಪ್ಯಾಸೆಂಜರುಗಳೂ ಅದನ್ನು ಕೇಳಿ ಕೇಳಿ ಮುಖ ಸಣ್ಣಗೆ ಮಾಡಿಕೊಂಡು ಇಳಿಯುತ್ತಿದ್ದರು. ಆಗ ಕಂಡಕ್ಟ್ರಣ್ಣ ಒಂದು ಕಾನೂನು ತಂದರು. ಬೆಳಿಗ್ಗೆ ಟೀ ಕುಡಿಯುವ ಹತ್ತು ನಿಮಿಷ ಗೋಳು ಹೇಳಿಕೊಳ್ಳಬಹುದು, ಇಬ್ಬರೂ, ಬಾಯಿ ತುಂಬಾ. ಇಂಜಿನ್ ಸ್ಟಾರ್ಟ್ ಆದ ಮೇಲೆ ಒಂದು ಮಾತೂ ಇಲ್ಲ.

ಡ್ರೈವರು ಇದನ್ನು ಒಪ್ಪಿದ್ದು ಬೇರೆ ದಾರಿಯಿಲ್ಲದೆ. ಆ ಟೀ ಅಂಗಡಿಯಲ್ಲಿ ನಾನೇ ಒಮ್ಮೆ ನೋಡಿದ್ದೇನೆ. ಇಬ್ಬರೂ ಬೆಂಚಿನ ಮೇಲೆ ಕೂತು ಪಾಳಿಯ ಪ್ರಕಾರ ಗೋಳು ಹೇಳಿಕೊಳ್ಳುತ್ತಿದ್ದರು. ಇವರದೂ ಕಡಿಮೆಯೇನಿರಲಿಲ್ಲ, ಮಗಳ ನರ್ಸಿಂಗ್ ಕಾಲೇಜು, ಸೋರುವ ಮಾಳಿಗೆ, ಆಗಲೇ ನೋಯತೊಡಗಿದ್ದ ಮಂಡಿ. ಡ್ರೈವರು ಇನ್ನೂ ಎರಡು ನಿಮಿಷ ಕೊಡು ಅಂತ ಕೇಳುತ್ತಿದ್ದರು. ಇವರು ಗಡಿಯಾರ ನೋಡಿ ಎದ್ದರು, ಲೋಟ ಇಟ್ಟರು, ವಿಷಲ್ ಊದಿದರು. ಡ್ರೈವರು ಮೀಸೆಯೊಳಗೇ ಏನೋ ನುಂಗಿಕೊಂಡು ಸೀಟಿಗೆ ಹತ್ತಿದರು.

ಇದನ್ನು ಮನೆಯಲ್ಲಿ ಹೇಳಿ ನಕ್ಕಿದ್ದೆವು. ನಗುವ ಸರದಿ ಬೇಗ ಮುಗಿಯಿತು. ಮುಂದಿನ ವರ್ಷ ನಮ್ಮ ಕಾಲೇಜಿನಲ್ಲಿ ಅಡ್ಮಿಷನ್ ಬಿದ್ದುಹೋಯಿತು. ಕಲಾ ವಿಭಾಗದ ಸೆಕ್ಷನ್ ಒಂದು ಮುಚ್ಚಿದರು. ಇನ್ನು ವಾರಕ್ಕೆ ಮೂರು ದಿನ ಬಂದರೆ ಸಾಕು, ಸಂಬಳವೂ ಅದೇ ಲೆಕ್ಕ ಅಂತ ಪ್ರಿನ್ಸಿಪಾಲರು ಕರೆದು ಹೇಳಿದರು. ಅವರೂ ನೊಂದೇ ಹೇಳಿದರು ಅನ್ನಿ. ಮಧ್ಯಾಹ್ನವೇ ಹೊರಟೆ. ಗೇಟಿನ ಮುಂದೆ ನಿಂತಾಗ ಮೊದಲು ಬಂದದ್ದು ಕಂಡಕ್ಟ್ರಣ್ಣನ ಬಸ್ಸು. ಸರ್ಕಾರಿ ಬಸ್ಸಿಗೆ ಕಾಯುವ ಶಕ್ತಿ ಇರಲಿಲ್ಲ. ಹತ್ತಿದೆ.

ಒಳಗೆ ಹಿಂದಿನ ಸೀಟಿನಲ್ಲಿ ಮಲಗಿದ್ದ ಒಬ್ಬ ಅಜ್ಜ, ನಾನು, ಅಷ್ಟೇ. ಅವರು ನನ್ನ ಮುಖ ನೋಡಿದರು, ಟಿಕೆಟ್ ಹರಿದು ಕೊಟ್ಟರು. ಮುಂದಿನ ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಆದರೂ ತಲೆ ಹೊರಗೆ ಹಾಕಿ ಖಾಲಿ ರಸ್ತೆಗೆ "ಒಳಗೆ ಜಾಗ ಐತೆ ಬನ್ನಿ" ಅಂತ ಕೂಗಿ, ನನ್ನ ಕಡೆ ತಿರುಗಿ ನಕ್ಕರು. ಆ ನಗು ನನಗೆ ಆ ಹೊತ್ತಿನಲ್ಲಿ ಸಹಿಸಲಾಗಲಿಲ್ಲ. ಇದ್ದುದನ್ನೆಲ್ಲ ಹೇಳಿಬಿಟ್ಟೆ. ಕೆಲಸ ಅರ್ಧ ಹೋದದ್ದು, ಮನೆಗೆ ಹೋಗಿ ಏನಂತ ಹೇಳುವುದು ಗೊತ್ತಿಲ್ಲದ್ದು. ಕೊನೆಗೆ, ನಿಮಗೆ ಹೇಗೆ ನಗು ಬರುತ್ತದೆ ಕಂಡಕ್ಟ್ರಣ್ಣ, ಇದೆಲ್ಲ ನಾಟಕ ಅನ್ನಿಸುವುದಿಲ್ಲವೇ ಅಂತಲೂ ಕೇಳಿಬಿಟ್ಟೆ. ಕೇಳಬಾರದಿತ್ತು.

 ಅವರು ಕಂಬಿ ಹಿಡಿದು ನಿಂತು, ಕೊರೋನಾ ಬಂದು ಬಸ್ಸೆಲ್ಲ ನಿಂತ ದಿನಗಳನ್ನು ಹೇಳಿದರು. ಮೊದಲ ಎರಡು ತಿಂಗಳು ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರಂತೆ. ಊಟಕ್ಕೆ ಎಬ್ಬಿಸಬೇಕು, ಸ್ನಾನಕ್ಕೆ ಎಬ್ಬಿಸಬೇಕು. ಮಗಳು ಆಗ ಹೈಸ್ಕೂಲು, ಪಾಠವನ್ನು ಬೀದಿಗೆಲ್ಲ ಕೇಳುವ ಹಾಗೆ ಜೋರಾಗಿ ಓದುವ ಹುಡುಗಿ. ಒಂದು ದಿನ ಇದ್ದಕ್ಕಿದ್ದಂತೆ, ಮನೆಯಲ್ಲಿ ಓದುವ ಸದ್ದೇ ಇಲ್ಲವಲ್ಲ ಅನ್ನಿಸಿತಂತೆ. ಎದ್ದು ಹುಡುಕಿದರೆ ಪಕ್ಕದ ಮನೆಯ ಜಗುಲಿಯ ಮೇಲೆ ಕೂತು ಓದುತ್ತಿದ್ದಳು. ಯಾಕಮ್ಮ ಇಲ್ಲಿ ಅಂದರೆ, ಅಪ್ಪನಿಗೆ ಬೇಜಾರಾಗಿದೆ, ಮನೇಲಿ ಸದ್ದು ಮಾಡಬಾರದು ಅಂತ ಅಮ್ಮ ಹೇಳಿದ್ದಾಳೆ ಅಂದಳಂತೆ.

"ಬಸ್ಸು ನಿಲ್ಸಿದ್ದು ಸರ್ಕಾರ. ಮಗೀನ ಓದು ನಿಲ್ಸಿದ್ದು ನಾನು" ಅಂದರು. "ಅವತ್ತು ಎದ್ದು ಗಡ್ಡ ಬೋಳಿಸ್ಕಂಡೆ. ನಗು ನಂಗೆ ತಾನಾಗಿ ಬಂದಿದ್ದಲ್ಲ ಮೇಡಮ್ಮೋರೆ, ಬೆಳಿಗ್ಗೆ ಅಂಗಿ ಹಾಕ್ಕಂಡಂಗೆ ಹಾಕ್ಕಂಡಿದ್ದು. ಮೊದ್‌ಮೊದ್ಲು ಬಿಗಿಯಾಯ್ತಿತ್ತು. ಆಮೇಕೆ ಮೈಗೆ ಹೊಂದ್ಕಂತು."

ಎಲ್ಲಾ ಸರಿಹೋಗುತ್ತದೆ ಅಂತ ಅಂದುಕೊಳ್ಳುವುದಾ ಅಂತ ಕೇಳಿದೆ.

"ಅಂಗೇನಿಲ್ಲ. ಸರಿಹೋಗ್ದಿದ್ರೆ ಏನ್ ಮಾಡೋದು ಅಂತ ಯೋಚ್ನೆ ಮಾಡಕ್ಕಾದ್ರೂ ತಲೆ ನೆಟ್ಟಗಿರಬೇಕಲ್ಲ."

ಕುಣಿಗಲ್ ಬರುವ ಹೊತ್ತಿಗೆ ಅವರು ತಮ್ಮ ಸ್ಥಿತಿಯನ್ನೂ ಹೇಳಿದ್ದರು. ಈ ಬಸ್ಸನ್ನೂ ಮಾರುತ್ತೇನೆ ಅಂತ ಓನರು ತೀರ್ಮಾನ ಮಾಡಿಯಾಗಿತ್ತು. ಇವರು ಹೋಗಿ ಮೂರು ತಿಂಗಳ ಟೈಮು ಕೇಳಿ ಬಂದಿದ್ದರು. ಹೋದವರನ್ನು ಎಣಿಸುವುದು ಬಿಟ್ಟು ಯಾರು ಉಳಿದಿದ್ದಾರೆ ಅಂತ ನೋಡಬೇಕು ಅಂದರು. ಇಳಿಯುವಾಗ ನನಗೂ ಅದನ್ನೇ ಕೇಳಿದರು, ಹೋಗಿದ್ದು ಗೊತ್ತಾಯಿತು, ಉಳಿದಿರುವುದು ಏನು ಅಂತ. ಆ ಪ್ರಶ್ನೆ ಹೊತ್ತುಕೊಂಡೇ ಮನೆಗೆ ನಡೆದೆ.

ಅವರು ಹೇಳಿದ್ದನ್ನು ಮಾಡಿದರು. ರಜೆಯ ದಿನಗಳಲ್ಲಿ ಯಾರದೋ ಮೊಪೆಡ್ ತೆಗೆದುಕೊಂಡು ಮುಖ್ಯರಸ್ತೆಯಿಂದ ಒಳಗಿರುವ ಹಳ್ಳಿಗಳನ್ನು ಸುತ್ತಿದರು. ಸರ್ಕಾರಿ ಬಸ್ಸು ಆ ಊರುಗಳಿಗೆ ತಿರುಗುತ್ತಿರಲಿಲ್ಲ. ಅಲ್ಲಿನ ಹೆಂಗಸರು ಹೂವಿನ ಬುಟ್ಟಿ, ಸೊಪ್ಪಿನ ಗಂಟು ಹೊತ್ತು ಮೈಲಿಗಟ್ಟಲೆ ನಡೆದು ರಸ್ತೆಗೆ ಬರುತ್ತಿದ್ದರು. ಬಂದರೂ ಅಷ್ಟು ಲಗೇಜಿಗೆ ಬಸ್ಸಿನಲ್ಲಿ ಜಾಗ ಸಿಗುತ್ತಿರಲಿಲ್ಲ. ಪ್ರತಿ ಮನೆಯ ಮುಂದೆ ನಿಂತು, ಎಷ್ಟು ಹೊತ್ತಿಗೆ ಬಸ್ಸು ಬಂದರೆ ನಿಮಗೆ ಅನುಕೂಲ ಅಂತ ಕೇಳಿ ಬರೆದುಕೊಂಡರು. ಕಾಯಿ ಮೂಟೆ, ಹೂವಿನ ಬುಟ್ಟಿ, ಕೋಳಿ, ಕುರಿಮರಿ, ಏನಾದರೂ ಬರಲಿ ಅಂದರು. ಆಮೇಲೆ ಓನರನ್ನು ಹೊರಡಿಸಿಕೊಂಡು, ಹೊಸ ದಾರಿಯ ಪರ್ಮಿಟ್ಟಿಗಾಗಿ ತುಮಕೂರಿನ ಆಫೀಸಿಗೆ ಎಷ್ಟು ಸಲ ಓಡಾಡಿದರೋ. ಡ್ರೈವರಿಗೆ ಇದು ಇಷ್ಟವಿರಲಿಲ್ಲ, ಆ ಕಿರುದಾರಿಯಲ್ಲಿ ಗಾಡಿಯ ಮೈಯೆಲ್ಲ ಪೊದೆಗೆ ತರಚುತ್ತದೆ ಅಂದರು. ಗೋಳಿನ ಟೈಮಿನಲ್ಲಿ ಹೇಳಣ್ಣ ಅಂದರಂತೆ ಇವರು.

ಮೊದಲ ವಾರ ಆ ಹಳ್ಳಿಗಳಲ್ಲಿ ಬಸ್ಸನ್ನು ನೋಡಲು ಬಂದವರೇ ಹೆಚ್ಚು, ಹತ್ತಿದವರು ಕಡಿಮೆ. ಬಸ್ಸು ನಾಳೆಯೂ ಬರುತ್ತದೆ ಅಂತ ನಂಬಿಕೆ ಹುಟ್ಟಲು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ನಾನು ಬಸ್ ಸ್ಟ್ಯಾಂಡಿನಲ್ಲಿದ್ದಾಗ ಆ ಬಸ್ಸು ಬಂದು ನಿಂತಿತು. ಟಾಪಿನ ಮೇಲೆ ಮೂಟೆಗಳು, ಒಳಗೆ ಕನಕಾಂಬರದ ಬಣ್ಣ, ಕಾಕಡ ಮಲ್ಲಿಗೆಯ ವಾಸನೆ, ಬುಟ್ಟಿ ಇಳಿಸುವ ಹೆಂಗಸರ ಗಲಾಟೆ. ಅವರು ಬಾಗಿಲಲ್ಲಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಓನರು ಬಸ್ಸನ್ನು ಮಾರಲಿಲ್ಲ. ಮೊದಲಿನ ಹಾಗೆ ದುಡಿಯಿತು ಅಂತಲ್ಲ. ನಡೆಯುವಷ್ಟು ನಡೆಯಿತು, ಎರಡು ಮನೆಯ ಒಲೆ ಉರಿಯಿತು, ಮಗಳು ನರ್ಸಿಂಗ್ ಮುಗಿಸಿದಳು.

ನನ್ನ ಉತ್ತರವೂ ಅವರ ಬಸ್ಸಿನಿಂದಲೇ ಬಂತು. ಆ ಒಳಹಳ್ಳಿಯ ಇಬ್ಬರು ಹುಡುಗಿಯರು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದರು. ಕೋಚಿಂಗಿಗೆ ಬೆಂಗಳೂರಿಗೆ ಹೋಗುವ ಅನುಕೂಲವಿಲ್ಲ, ಅರ್ಥಶಾಸ್ತ್ರ ತಲೆಗೆ ಹತ್ತುತ್ತಿಲ್ಲ ಅಂತ ಇವರ ಹತ್ತಿರ ಹೇಳಿಕೊಂಡಿದ್ದರಂತೆ. ಮೇಡಮ್ಮೋರಿಗೆ ವಾರದಲ್ಲಿ ಮೂರು ದಿನ ಬಿಡುವಿದೆ ಅಂತ ನನ್ನನ್ನು ಕೇಳದೆಯೇ ಇವರು ಮಾತು ಕೊಟ್ಟುಬಿಟ್ಟಿದ್ದರು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಶುರುಮಾಡಿದೆ. ಇಬ್ಬರಿದ್ದವರು ಹನ್ನೊಂದು ಜನರಾದರು. ಅವರಲ್ಲೊಬ್ಬಳು ಪಾಸಾದ ಸುದ್ದಿ ಎಲ್ಲೆಲ್ಲಿಗೋ ಹೋಗಿ, ಕೊನೆಗೆ ತುಮಕೂರಿನ ಒಂದು ಕೋಚಿಂಗ್ ಸೆಂಟರಿನವರು ಕರೆದರು. ನಾವೀಗ ಇರುವುದು ತುಮಕೂರಿನಲ್ಲೇ. ಗಂಡನೂ ಇಲ್ಲೇ ಅಂಗಡಿ ನೋಡಿಕೊಂಡಿದ್ದಾರೆ. ಇದೆಲ್ಲ ನಿಮ್ಮಿಂದ ಅಂತ ಹೇಳಿದರೆ ಅವರು ಒಪ್ಪುವುದಿಲ್ಲ. ಟಿಕೆಟ್ ಕೊಟ್ಟಿದ್ದು ಮಾತ್ರ ನಾನು ಅನ್ನುತ್ತಾರೆ.

ಹೋದ ತಿಂಗಳು ಡ್ರೈವರೇ ಫೋನ್ ಮಾಡಿ, ನಾಳೆ ಅವನದು ಕೊನೆ ಟ್ರಿಪ್ಪು ಅಂದರು. ನಾನು ಮುಂಜಾನೆಯ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋಗಿ, ಒಳಹಳ್ಳಿಗಳಿಗೆ ಹೊರಟಿದ್ದ ಅವರ ಬಸ್ಸು ಹತ್ತಿದೆ. ಅವರ ಹಿಂದೆ ಹೊಸ ಕಂಡಕ್ಟರು ನಿಂತಿದ್ದರು, ನಲವತ್ತರ ಆಸುಪಾಸಿನವರು, ಮುಚ್ಚಿಹೋದ ಯಾವುದೋ ಫ್ಯಾಕ್ಟರಿಯಲ್ಲಿ ಇದ್ದವರಂತೆ. ದಾರಿಯುದ್ದಕ್ಕೂ ಇವರು ಅವರಿಗೆ ಹೇಳಿಕೊಡುತ್ತಿದ್ದರು: ಈ ಅಜ್ಜನಿಗೆ ಕೈ ಕೊಡಬೇಕು, ಆ ಯಮ್ಮನಿಗೆ ಕಿವಿ ಕೇಳಿಸಲ್ಲ, ಸ್ಟಾಪ್ ಬಂದಾಗ ಭುಜ ಮುಟ್ಟಿ ಹೇಳಬೇಕು.

ವಾಪಸ್ ಬರುವಾಗ ಕೊನೆಯ ಹಳ್ಳಿಯಲ್ಲಿ ಒಬ್ಬ ಅಜ್ಜಿ ಕನಕಾಂಬರದ ಬುಟ್ಟಿಯೊಂದಿಗೆ ಹತ್ತಿತು. ಕಂಡಕ್ಟ್ರಣ್ಣ ನನ್ನ ಕಿವಿಯಲ್ಲಿ, ಈಗ ನೋಡಿ ಅಂದರು. ಬುಟ್ಟಿಗೂ ಲಗೇಜ್ ಟಿಕೆಟ್ಟಾ ಅಂತ ಆ ಅಜ್ಜಿ ದಿನವೂ ಜಗಳ ತೆಗೆಯುತ್ತದಂತೆ. ಒಂದು ದಿನವೂ ಸುಮ್ಮನೆ ಕೊಟ್ಟಿದ್ದಿಲ್ಲವಂತೆ. ಇವರು ಸಿದ್ಧರಾಗಿ ಹೋಗಿ ಎದುರು ನಿಂತರು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ತನಗೂ ಬುಟ್ಟಿಗೂ ಸೇರಿಸಿ ದುಡ್ಡನ್ನು ಅವರ ಕೈಗಿಟ್ಟು, ಕಿಟಕಿಯ ಕಡೆ ತಿರುಗಿತು.

ಅವರು ಟಿಕೆಟ್ ಹರಿಯಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಮುಖ ಸೋತದ್ದನ್ನು ನಾನು ನೋಡಿದೆ. ಕಣ್ಣು ತುಂಬಿಕೊಂಡು, ಕಂಬಿ ಹಿಡಿದು ನಿಂತೇ ಇದ್ದರು.

"ಯಾಕಜ್ಜಿ, ಇವತ್ತು ಏನೂ ಇಲ್ವಾ?"

"ಇವತ್ತು ಬ್ಯಾಡ ಬುಡು ಮಗ" ಅಂತು ಅಜ್ಜಿ, ಇತ್ತ ತಿರುಗದೆ.

"ನೀನಿಂಗೆ ಸುಮ್ಕೆ ಕೊಟ್ರೆ ನಾನು ಇಳಿಯಾದೆಂಗೆ? ಒಸಿ ಜಗಳ ಆಡು."

ಅಜ್ಜಿ ತಿರುಗಿ ಅವರನ್ನು ನೋಡಿತು. ಸೆರಗಿನಿಂದ ಮೂಗು ಒರೆಸಿಕೊಂಡಿತು. ಆಮೇಲೆ ಶುರುಮಾಡಿತು. ಹೂವಿಗೇನು ಕಾಲಿದೆಯೇ, ಸೀಟಿನ ಮೇಲೆ ಕೂತಿದೆಯೇ, ಬುಟ್ಟಿಗೆ ಟಿಕೆಟ್ ಹರಿಯುವ ನಿನಗೆ ನಾಚಿಕೆ ಇಲ್ಲವೇ ಅಂತ. ಇವರು ಟಿಕೆಟ್ ಹರಿದರು, ಬುಟ್ಟಿ ಅಜ್ಜಿಗಿಂತ ದಪ್ಪ ಇದೆ ಅಂದರು. ಅಜ್ಜಿ ಇವರ ಅಪ್ಪನ ಕಾಲದ ಕಂಜೂಸಿತನವನ್ನೂ ತೆಗೆಯಿತು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ಯಾವತ್ತೂ ನಗದ ಡ್ರೈವರಿನ ಭುಜ ಕುಲುಕುವುದು ಹಿಂದಿನಿಂದ ಕಾಣುತ್ತಿತ್ತು. ಕುಣಿಗಲ್ ಬಂದರೂ ಜಗಳ ಮುಗಿದಿರಲಿಲ್ಲ. ಅವರು ಟಿಕೆಟ್ ಚೀಲವನ್ನು ಹೊಸ ಕಂಡಕ್ಟರ ಹೆಗಲಿಗೆ ಹಾಕಿ, ಕಂಬಿ ಹಿಡಿದು, ನೋಯುವ ಕಾಲನ್ನು ಮೊದಲಿಟ್ಟು ಕೆಳಗಿಳಿದು, ಅಜ್ಜಿಯ ಬುಟ್ಟಿಯನ್ನು ತಮ್ಮ ಹೆಗಲಿಗೇರಿಸಿಕೊಂಡರು. ಇಬ್ಬರೂ ಮಾತಿಗೆ ಮಾತು ಕೊಡುತ್ತಾ ಹೂವಿನ ಮಾರ್ಕೆಟ್ಟಿನ ಕಡೆ ನಡೆದರು. ಒಂದು ಸಲವೂ ಅವರು ಬಸ್ಸಿನ ಕಡೆ ತಿರುಗಿ ನೋಡಲಿಲ್ಲ.